ಏಳು ಮಂದಿಯ ಪಂಚಾಯಿತಿ

ಅಕ್ಕಿ ಸಾಲದೆ ಬಂದಾಗ ಅದನ್ನು ಹಂಚುವ ಬಗೆ ನಮ್ಮವರಿಗೆ ತಿಳಿಯದ್ದಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಪಡಿತರದ ಚೀಟಿ ಹಿಡಿದು ಸಾಲಿನಲ್ಲಿ ನಿಂತ ಮನೆತನಗಳು ನಮ್ಮ ಪಟ್ಟಣಗಳಲ್ಲಿ ಎಷ್ಟೋ ಇವೆ. ತಲೆಗೆ ಇಷ್ಟು ಎಂದು ಅಳೆದು ಕೊಟ್ಟರೆ ಎಲ್ಲರದೂ ಅರೆಹೊಟ್ಟೆಯಾದೀತು. ಆದರೂ ಯಾರ ಎಲೆಯೂ ಬರಿದಾಗಿ ಉಳಿಯದು. ವೈದ್ಯೋಪಚಾರದಲ್ಲಿ ಈ ಲೆಕ್ಕ ನಡೆಯದ ಸಂದರ್ಭಗಳುಂಟು. ವಾರಕ್ಕೆ ಎರಡು ಸಲ ಯಂತ್ರಕ್ಕೆ ಮೈಯೊಡ್ಡಿದರೆ ಮಾತ್ರ ಜೀವ ಹಿಡಿದು ನಿಲ್ಲುವ ರೋಗಿಗೆ ತಿಂಗಳಿಗೊಂದು ಪಾಳಿ ಕೊಟ್ಟರೆ, ಏನೂ ಕೊಡದಿದ್ದಂತೆಯೇ ಆಯಿತು. ಯಂತ್ರವನ್ನು ಪಾವಿನಲ್ಲಿ ಅಳೆಯಲು ಬಾರದು. ಕೆಲವರಿಗೆ ಪೂರ್ತಿ ಕೊಡಬೇಕು, ಉಳಿದವರಿಗೆ ಇಲ್ಲವೆನ್ನಬೇಕು. ಇಲ್ಲವೆನ್ನುವವರು ಯಾರು, ಯಾವ ಆಧಾರದ ಮೇಲೆ ಹೇಳಬೇಕು, ಯಾರ ಎದುರಿಗೆ ಹೇಳಬೇಕು ಎಂಬ ಪ್ರಶ್ನೆಗಳು ಕೃತಕ ಮೂತ್ರಪಿಂಡದ ಇತಿಹಾಸದಲ್ಲಿ ಎದ್ದಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಎದ್ದಂತಿಲ್ಲ.

ಮೂತ್ರಪಿಂಡದ ಕೆಲಸ ನಮ್ಮ ರಕ್ತದಲ್ಲಿ ದಿನವೂ ಸೇರುವ ಕಶ್ಮಲವನ್ನು ಸೋಸಿ ಹೊರಗೆ ಹಾಕುವುದು. ಅದು ನಿಂತರೆ ಕೆಲವೇ ದಿನ ಅಥವಾ ವಾರಗಳಲ್ಲಿ ಮನುಷ್ಯ ತನ್ನ ರಕ್ತದ ವಿಷದಿಂದಲೇ ಸಾಯುತ್ತಾನೆ. ಸೋಸುವ ಈ ಕೆಲಸವನ್ನು ಯಂತ್ರದಿಂದ ಮಾಡಿಸುವ ತತ್ತ್ವ ಬಲು ಸರಳವಾದದ್ದು. ಎಳ್ಳನ್ನೂ ಬೆಲ್ಲವನ್ನೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ ಬೆಲ್ಲ ಕರಗಿ ನೀರಿಗೆ ಇಳಿಯುತ್ತದೆ, ಎಳ್ಳು ಗಂಟಿನಲ್ಲಿಯೇ ಉಳಿಯುತ್ತದೆಯಷ್ಟೆ. ಹಾಗೆಯೇ ತೆಳುವಾದ ಸೆಲೊಫೇನ್ ಕೊಳವೆಯಲ್ಲಿ ರಕ್ತವನ್ನು ಹರಿಯಬಿಟ್ಟು, ಕೊಳವೆಯನ್ನು ತಕ್ಕ ಲವಣಗಳ ದ್ರಾವಣದಲ್ಲಿ ಮುಳುಗಿಸಿದರೆ, ಕಶ್ಮಲ ಹೊರಗೆ ಹೋಗಿ ರಕ್ತಕಣಗಳು ಒಳಗೇ ನಿಲ್ಲುತ್ತವೆ.

ಈ ತತ್ತ್ವವನ್ನು ಮನುಷ್ಯನ ಉಪಯೋಗಕ್ಕೆ ತಂದವರು ಹಾಲೆಂಡಿನ ವೈದ್ಯ ವಿಲೆಮ್ ಕೊಲ್ಫ್. ಆಗ ಆ ದೇಶ ಜರ್ಮನರ ವಶದಲ್ಲಿತ್ತು. ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೂತು, ಮಾಂಸದ ಸಾಸೇಜುಗಳಿಗೆ ಹೊದಿಸುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಫೋರ್ಡ್ ಮೋಟಾರಿನ ನೀರಿನ ಪಂಪಿನ ಮಾದರಿಯ ಜೋಡಣೆಯನ್ನು ಅದಕ್ಕೆ ಅಳವಡಿಸಿ, ಅವರು ಮೊದಲ ಯಂತ್ರವನ್ನು ಕಟ್ಟಿದರು. ೧೯೪೩ರಲ್ಲಿ ಅದನ್ನು ಮೊದಲು ರೋಗಿಯ ಮೇಲೆ ಪ್ರಯೋಗಿಸಿದರು. ಮೊದಮೊದಲ ರೋಗಿಗಳಲ್ಲಿ ಬಹುಮಂದಿ ಬದುಕಲಿಲ್ಲ. ಯಂತ್ರದಿಂದಲೇ ಉಳಿದಳೆಂದು ನಿಸ್ಸಂದೇಹವಾಗಿ ಹೇಳಬಹುದಾದ ಮೊದಲ ರೋಗಿ ೧೯೪೫ರ ಸೆಪ್ಟೆಂಬರಿನಲ್ಲಿ ಬಂದ ೬೭ ವರ್ಷದ ಮುದುಕಿ. ಯುದ್ಧ ಆಗತಾನೆ ಮುಗಿದಿತ್ತು. ಈಕೆ ನಾಟ್ಸಿಗಳ ಪಕ್ಷ ವಹಿಸಿದವಳೆಂದು ಸೆರೆಯಲ್ಲಿದ್ದವಳು. ಊರಿನಲ್ಲಿ ಆಕೆಯ ಹೆಸರೆತ್ತಿದರೆ ಹಲ್ಲು ಕಡಿಯುವವರು ಬೇಕಾದಷ್ಟು ಮಂದಿ ಇದ್ದರು. ಕೊಲ್ಫ್ ಅವರು ನಾಟ್ಸಿಗಳ ಕಡು ವಿರೋಧಿ. ಆದರೂ ಆಕೆಯನ್ನು ಯಂತ್ರಕ್ಕೆ ಜೋಡಿಸಿದರು. ಆಕೆ ಕಣ್ಣು ತೆರೆದು ಆಡಿದ ಮೊದಲ ಮಾತು, ಗಂಡನನ್ನು ಬಿಟ್ಟುಬಿಡುತ್ತೇನೆ ಎಂಬುದಾಗಿತ್ತಂತೆ! ಕೊಲ್ಫ್ ಅವರೇ ಇದನ್ನು ನಗುತ್ತ ಹೇಳುತ್ತಿದ್ದರು. ಆ ಮುದುಕಿ ಇನ್ನೂ ಏಳು ವರ್ಷ ಬದುಕಿದಳು. ಈಕೆಯನ್ನು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಬೇಕಾಗುತ್ತಾಳೆ.

ಕೊಲ್ಫ್ ಅವರ ಯಂತ್ರಕ್ಕೆ ಒಂದು ಮಿತಿಯಿತ್ತು. ಒಂದೊಂದು ಸಲ ರಕ್ತ ತೆಗೆಯಬೇಕಾದಾಗಲೂ ಹೊಸದಾಗಿ ಒಂದು ಧಮನಿಯನ್ನೂ ಒಂದು ಸಿರೆಯನ್ನೂ ಕತ್ತರಿಸಿ ನಳಿಕೆ ಸೇರಿಸಬೇಕಾಗುತ್ತಿತ್ತು. ಹೀಗೆ ಕತ್ತರಿಸುತ್ತ ಹೋದರೆ ಎಷ್ಟು ಸಲ? ಕೈಕಾಲುಗಳ ರಕ್ತನಾಳಗಳು ಮುಗಿದುಹೋಗುತ್ತವೆ. ಆದ್ದರಿಂದ ಕೆಲವು ದಿನ ಮಾತ್ರ ಕೆಲಸ ನಿಲ್ಲಿಸಿ ಮತ್ತೆ ಚೇತರಿಸಿಕೊಳ್ಳುವ ಮೂತ್ರಪಿಂಡದವರಿಗಷ್ಟೇ ಯಂತ್ರ. ಶಾಶ್ವತವಾಗಿ ಕೆಟ್ಟವರಿಗೆ ಸಾವೇ ಗತಿ ಎಂಬುದು ನಿಯಮವಾಗಿ ನಿಂತಿತು. ನಿಯಮ ಕ್ರೂರವಾದರೂ ಅದರಲ್ಲಿ ಒಂದು ನೆಮ್ಮದಿಯಿತ್ತು. ಯಾರನ್ನೂ ಆರಿಸಬೇಕಾಗಿರಲಿಲ್ಲ. ಆರಿಸುವ ಕೆಲಸವನ್ನು ರೋಗವೇ ಮಾಡಿ ಮುಗಿಸುತ್ತಿತ್ತು.

ಆ ನೆಮ್ಮದಿಯನ್ನು ಕೆಡಿಸಿದವರು ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್. ಅವರ ಬಳಿಗೆ ಬಂದ ಒಬ್ಬ ರೋಗಿ ಯಂತ್ರದ ಉಪಚಾರದಿಂದ ಎದ್ದು ಕೂತ, ಮಾತನಾಡಿದ. ಅಷ್ಟರಲ್ಲಿ ಅವನ ಮೂತ್ರಪಿಂಡಗಳು ಮತ್ತೆಂದೂ ಸರಿಯಾಗವೆಂದು ತಿಳಿದುಬಂತು. ಎದ್ದು ಕೂತವನನ್ನು ಸಾಯುವುದಕ್ಕಾಗಿ ಮನೆಗೆ ಕಳುಹಿಸಬೇಕಾಯಿತು. ಈ ಕೊರಗಿನಲ್ಲಿಯೇ ಸ್ಕ್ರಿಬ್ನರ್ ಅವರಿಗೆ ಒಂದು ರಾತ್ರಿ ಎಚ್ಚರವಾದಾಗ ಉಪಾಯ ಹೊಳೆಯಿತೆನ್ನುತ್ತಾರೆ. ತೋಳಿನ ಒಂದು ಧಮನಿಗೂ ಒಂದು ಸಿರೆಗೂ ನಳಿಕೆಗಳನ್ನು ಶಾಶ್ವತವಾಗಿ ಕೂರಿಸಿ, ಯಂತ್ರ ಬೇಡವಾದ ಹೊತ್ತಿನಲ್ಲಿ ಅವೆರಡನ್ನೂ ಕುದುರೆಲಾಳದ ಆಕಾರದ ಒಂದು ತುಂಡಿನಿಂದ ಜೋಡಿಸಿಬಿಟ್ಟರೆ ರಕ್ತ ಹರಿಯುತ್ತಲೇ ಇರುತ್ತದೆ, ಹೆಪ್ಪುಗಟ್ಟುವುದಿಲ್ಲ. ನಳಿಕೆಗೆ ಟೆಫ್ಲಾನ್ ಎಂಬ ಜಾರುವ ವಸ್ತು ಒದಗಿತು. ಇಂದು ದೋಸೆ ಅಂಟದ ಕಾವಲಿಗಳಿಗೆ ಬಳಿಯುತ್ತಾರಲ್ಲ, ಅದೇ. ವೇಯ್ನ್ ಕ್ವಿಂಟನ್ ಎಂಬ ಕುಶಲಿ ಅದನ್ನು ಬಗ್ಗಿಸಿ ರೂಪ ಕೊಟ್ಟರು. ೧೯೬೦ರ ಮಾರ್ಚಿ ತಿಂಗಳಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯ ೩೯ ವರ್ಷದ ಕೆಲಸಗಾರನೊಬ್ಬನ ತೋಳಿಗೆ ಈ ನಳಿಕೆ ಹತ್ತಿತು. ದಿನಗಳ ಲೆಕ್ಕದಲ್ಲಿದ್ದ ಅವನ ಆಯುಸ್ಸು ಮತ್ತೆ ಹನ್ನೊಂದು ವರ್ಷ ಬೆಳೆಯಿತು.

ಈಗ ಹೊಸ ಸಂಕಟ ಹುಟ್ಟಿತು. ಮೊದಲು ಹತ್ತು ದಿನಕ್ಕೊಬ್ಬ ರೋಗಿ ಬಂದು ಹೋಗುತ್ತಿದ್ದ ಯಂತ್ರಕ್ಕೆ ಈಗ ಒಬ್ಬನೇ ರೋಗಿ ಜನ್ಮವಿಡೀ ವಾರವಾರವೂ ಬರಬೇಕು. ಒಬ್ಬೊಬ್ಬನ ವರ್ಷದ ಖರ್ಚು ಹತ್ತು ಸಾವಿರ ಡಾಲರಿಗೂ ಮೇಲು. ಆ ಕಾಲಕ್ಕೆ ಅಮೆರಿಕದ ಮಧ್ಯಮ ದರ್ಜೆಯ ಸಂಸಾರವೊಂದರ ವರ್ಷದ ಸಂಪಾದನೆಯೂ ಅಷ್ಟಿರಲಿಲ್ಲ. ವಿಶ್ವವಿದ್ಯಾಲಯದ ಆಸ್ಪತ್ರೆ ಇಷ್ಟು ಭಾರ ಹೊರಲಾರೆನೆಂದಿತು. ಆಗ ಊರಿನ ವೈದ್ಯರ ಸಂಘ ಮುಂದೆ ಬಂದು, ಹಾರ್ಟ್‌ಫರ್ಡ್ ಪ್ರತಿಷ್ಠಾನದ ಧನಸಹಾಯ ಪಡೆದು, ಸ್ವೀಡಿಷ್ ಆಸ್ಪತ್ರೆಯ ದಾದಿಯರ ವಸತಿಗೃಹದ ನೆಲಮಾಳಿಗೆಯಲ್ಲಿ ಸಿಯಾಟಲ್ ಕೃತಕ ಮೂತ್ರಪಿಂಡ ಕೇಂದ್ರವನ್ನು ತೆರೆಯಿತು. ಅದು ೧೯೬೨ರ ಜನವರಿ. ಆಸ್ಪತ್ರೆಯ ಒಳರೋಗಿಯಾಗದೆ ಬಂದು ರಕ್ತ ಶುದ್ಧಿ ಮಾಡಿಸಿಕೊಂಡು ಮನೆಗೆ ಮರಳುವಂಥ ಕೇಂದ್ರ ಜಗತ್ತಿನಲ್ಲಿ ಇದೇ ಮೊದಲನೆಯದು. ಆರಂಭಕ್ಕೆ ಇದ್ದವು ಮೂರು ಹಾಸಿಗೆಗಳು.

ಮೂರು ಹಾಸಿಗೆಗಳಿಗೆ ಆರಿಸುವುದು ಹೇಗೆ? ಮೊದಲು ವೈದ್ಯರದೇ ಒಂದು ಸಮಿತಿ ಜರಡಿ ಹಿಡಿಯಿತು. ನಲವತ್ತೈದು ದಾಟಿದವರು ಬೇಡ, ಮಕ್ಕಳು ಬೇಡ, ಬೇರೆ ರೋಗಗಳಿರುವವರು ಬೇಡ, ವಾಷಿಂಗ್ಟನ್ ರಾಜ್ಯದ ಹೊರಗಿನವರು ಬೇಡ. ಹೀಗೆ ಸೋಸಿದ ಮೇಲೆಯೂ ಜಾಗಕ್ಕಿಂತ ರೋಗಿಗಳೇ ಹೆಚ್ಚು ಉಳಿದರು. ಇನ್ನು ಮುಂದಿನ ಆಯ್ಕೆ ವೈದ್ಯಶಾಸ್ತ್ರದ್ದಲ್ಲ, ಸಮಾಜದ್ದು ಎಂದು ವೈದ್ಯರು ತೀರ್ಮಾನಿಸಿದರು. ಇದಕ್ಕಾಗಿ ಏಳು ಮಂದಿಯ ಒಂದು ಪಂಚಾಯಿತಿಯನ್ನು ನೇಮಿಸಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. ಸಂಬಳವಿಲ್ಲ, ಹೆಸರು ಬಹಿರಂಗವಾಗುವಂತಿಲ್ಲ. ಹೀಗೇ ತೀರ್ಪು ಕೊಡಿ ಎಂಬ ನಿಯಮಾವಳಿಯನ್ನೂ ಯಾರೂ ಅವರ ಕೈಗೆ ಕೊಡಲಿಲ್ಲ.

ನಿಯಮವಿಲ್ಲದೆ ಕೂತ ಪಂಚರು ತಾವೇ ಒಂದು ಪಟ್ಟಿ ಮಾಡಿಕೊಂಡರು: ರೋಗಿಯ ವಯಸ್ಸು, ಗಂಡೋ ಹೆಣ್ಣೋ, ಮದುವೆಯಾಗಿದೆಯೇ, ಅವಲಂಬಿಗಳೆಷ್ಟು, ಆದಾಯ, ಆಸ್ತಿ, ಮನಸ್ಸಿನ ಸ್ಥಿಮಿತ, ವಿದ್ಯೆ, ಉದ್ಯೋಗ, ಹಿಂದೆ ಮಾಡಿದ ಕೆಲಸ, ಮುಂದೆ ಮಾಡಬಹುದಾದ ಕೆಲಸ. ಒಂದು ಹೆಣ್ಣು ನೋಡುವ ಮನೆಯವರು ವಿಚಾರಿಸುವುದಕ್ಕಿಂತ ಇದೇನೂ ಕಡಿಮೆಯಿಲ್ಲ! ರೋಗಿಗಳ ಮುಖ ನೋಡಿದರೆ ಮನಸ್ಸು ಕರಗೀತೆಂದು ಕಾಗದದ ಮೇಲಿನ ವಿವರಗಳನ್ನೇ ನಂಬಿದರು. ಒಬ್ಬನ ಕಾಗದದಲ್ಲಿ ಅವನು ಚರ್ಚಿನ ಕೆಲಸಗಳಲ್ಲಿ ಮುಂದಾಳೆಂದು ಬರೆದಿದ್ದರೆ ಅದು ಶೀಲಕ್ಕೆ ಸಾಕ್ಷಿಯಾಗುತ್ತಿತ್ತು. ರೋಗಿ ತೀರಿಕೊಂಡರೆ ಅವನ ಹೆಂಡತಿಗೆ ಮತ್ತೆ ಮದುವೆಯಾದೀತೇ, ಅಷ್ಟು ಮಕ್ಕಳಿರುವವಳನ್ನು ಯಾರು ಕೈಹಿಡಿದಾರು ಎಂಬ ಮಾತು ಕೂಡ ಮೇಜಿನ ಮೇಲೆ ಬರುತ್ತಿತ್ತು. ಮೊದಲು ಅವರ ಮುಂದೆ ಬಂದ ಹದಿನೇಳು ಮಂದಿಯಲ್ಲಿ ಹತ್ತು ಮಂದಿಗೆ ಯಂತ್ರ ದೊರೆಯಿತು. ಉಳಿದ ಏಳು ಮಂದಿ ತೀರಿಕೊಂಡರು.

೧೯೬೨ರ ನವೆಂಬರಿನಲ್ಲಿ 'ಲೈಫ್' ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಎಂಬ ಲೇಖಕಿ ಈ ಸಮಿತಿಯ ವಿಚಾರವನ್ನು ಸವಿಸ್ತಾರವಾಗಿ ಬರೆದರು. ಏಳು ಮಂದಿ ಸಾಮಾನ್ಯರು ಒಂದು ಕೋಣೆಯಲ್ಲಿ ಕೂತು ಯಾರು ಬದುಕಬೇಕು ಯಾರು ಸಾಯಬೇಕು ಎಂದು ಗೊತ್ತುಮಾಡುತ್ತಾರೆಂಬ ಸುದ್ದಿ ದೇಶದಲ್ಲೆಲ್ಲ ಹಬ್ಬಿತು. ೧೯೬೫ರಲ್ಲಿ ಟೆಲಿವಿಷನ್ನಿನಲ್ಲಿ ಅದೇ ವಿಷಯದ ಚಿತ್ರ ಬಂತು. ೧೯೬೮ರಲ್ಲಿ ಸ್ಯಾಂಡರ್ಸ್ ಎಂಬ ಮನೋವೈದ್ಯರೂ ಡ್ಯೂಕ್‌ಮಿನಿಯರ್ ಎಂಬ ನ್ಯಾಯಶಾಸ್ತ್ರಜ್ಞರೂ ಸೇರಿ ಬರೆದ ಒಂದು ಲೇಖನ ಪಂಚಾಯಿತಿಯ ಮರ್ಮಕ್ಕೇ ತಟ್ಟಿತು. ಮಧ್ಯಮವರ್ಗದ ಪಂಚರು ಮಧ್ಯಮವರ್ಗದ ಗುಣಗಳನ್ನೇ ಅಳೆಯುತ್ತಾರೆ. ಹೆನ್ರಿ ಡೇವಿಡ್ ಥೋರೋನಂಥವನ ಮೂತ್ರಪಿಂಡ ಕೆಟ್ಟರೆ ಆ ಸೀಮೆಯಲ್ಲಿ ಅವನಿಗೆ ಉಳಿಗಾಲವಿಲ್ಲ ಎಂಬುದು ಅವರ ಮಾತಿನ ಸಾರ. ಥೋರೋ ಯಾರೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅನ್ಯಾಯದ ಸರ್ಕಾರಕ್ಕೆ ತೆರಿಗೆ ಕೊಡೆನೆಂದು ಜೈಲು ಸೇರಿ, ಗಾಂಧೀಜಿಯವರ ಮೆಚ್ಚಿಕೆಗೆ ಪಾತ್ರನಾದ ಮನುಷ್ಯ. ಮದುವೆಯಿಲ್ಲ, ಮಕ್ಕಳಿಲ್ಲ, ಆಸ್ತಿಯಿಲ್ಲ, ಚರ್ಚಿಗೆ ಹೋಗುತ್ತಿರಲಿಲ್ಲ. ಪಟ್ಟಿಯ ಯಾವ ಕಲಮಿನಲ್ಲಿಯೂ ಅವನಿಗೆ ಅಂಕ ದೊರೆಯದು.

ಕಾಂಪೆನಿನ ಆ ಮುದುಕಿಯನ್ನು ಈಗ ಇದೇ ಪಂಚರ ಎದುರಿಗೆ ನಿಲ್ಲಿಸಿ ನೋಡಿ. ವಯಸ್ಸು ೬೭, ದೇಶದ್ರೋಹದ ಆಪಾದನೆ, ಸಂಸಾರದಲ್ಲಿ ಜಗಳ. ಆಕೆಯ ಕಾಗದವನ್ನು ಪಂಚರು ಓದಿ ಮುಗಿಸುವವರೆಗೂ ತಡೆಯುತ್ತಿರಲಿಲ್ಲ. ಆದರೆ ಕೃತಕ ಮೂತ್ರಪಿಂಡದಿಂದ ಜೀವ ಉಳಿಯುತ್ತದೆಂದು ಜಗತ್ತಿಗೆ ತೋರಿಸಿಕೊಟ್ಟವಳು ಆಕೆಯೇ. ಪಾತ್ರಾಪಾತ್ರ ವಿಚಾರ ಮಾಡದೆ ಎದುರಿಗೆ ಬಂದ ರೋಗಿಯನ್ನು ಎತ್ತಿಕೊಂಡ ವೈದ್ಯನ ಹಳೆಯ ಧರ್ಮದಿಂದ ಆ ವಿದ್ಯೆ ಬೆಳೆಯಿತು; ಬೆಳೆದ ಮೇಲೆ ಆ ಧರ್ಮವನ್ನು ಪಾಲಿಸಲು ಹಾಸಿಗೆಗಳು ಸಾಲದೆ ಹೋದವು.

ಅಂಕ ಹಾಕುವುದೇ ತಪ್ಪು, ಚೀಟಿ ಎತ್ತಿ ಎಂದರು ಕೆಲವರು. ಪಾಲ್ ರ್ಯಾಮ್ಸೆ ಮತ್ತು ಜೇಮ್ಸ್ ಚೈಲ್ಡ್ರೆಸ್ ಎಂಬ ಧರ್ಮತತ್ತ್ವಜ್ಞರು ೧೯೭೦ರಲ್ಲಿ ಈ ವಾದವನ್ನು ಮುಂದಿಟ್ಟರು. ವೈದ್ಯಕೀಯವಾಗಿ ಸಮಾನರಾದವರಲ್ಲಿ ಮನುಷ್ಯನ ಬೆಲೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ. ಆದುದರಿಂದ ಅದೃಷ್ಟಕ್ಕೋ ಬಂದ ಸರದಿಗೋ ಬಿಟ್ಟುಬಿಡುವುದೇ ಗೌರವ ಎಂದು. ತತ್ತ್ವಜ್ಞಾನಿ ನಿಕೊಲಸ್ ರೆಶರ್ ಅದಕ್ಕೂ ಒಂದು ವರ್ಷ ಮುಂಚೆ ಎದುರು ವಾದ ಹೂಡಿದ್ದರು: ಸಮಾಜ ತನ್ನ ದುಡ್ಡು ಹಾಕುವಾಗ ಪ್ರತಿಫಲವನ್ನು ನೋಡುವುದು ಸಹಜವೇ. ವಾದ ಮುಗಿಯುವುದಕ್ಕೆ ಕಾಯದೆ ಎಂಜಿನಿಯರುಗಳು ಬೇರೊಂದು ದಾರಿ ತೆರೆದರು. ಪಂಚಾಯಿತಿಯ ವಯಸ್ಸಿನ ನಿಯಮಕ್ಕೆ ಸಿಕ್ಕಿ ಹೊರಗುಳಿದ ಒಬ್ಬ ಶಾಲಾ ಬಾಲಕಿಗಾಗಿ ೧೯೬೪ರಲ್ಲಿ ಸಿಯಾಟಲಿನ ಲೆಸ್ ಬ್ಯಾಬ್ ಮತ್ತು ಸಂಗಡಿಗರು ಮನೆಯಲ್ಲಿಯೇ ಇಟ್ಟುಕೊಳ್ಳಬಹುದಾದ ಯಂತ್ರವನ್ನು ಕೆಲವೇ ತಿಂಗಳಲ್ಲಿ ತಯಾರಿಸಿದರು. ಯಂತ್ರ ಮನೆಗೆ ಹೋದರೆ ಖರ್ಚು ಇಳಿಯುತ್ತದೆ, ಹಾಸಿಗೆಯ ಪ್ರಶ್ನೆಯೇ ಇಲ್ಲ. ಒಂದು ಬಾಗಿಲು ಮುಚ್ಚಿದ್ದರಿಂದ ಇನ್ನೊಂದು ತೆರೆಯಿತೆಂದು ಇದನ್ನು ಹೊಗಳುವವರುಂಟು. ಆ ಹುಡುಗಿಗೆ ಎಂಜಿನಿಯರುಗಳ ಪರಿಚಯವಿತ್ತು ಎಂಬುದನ್ನೂ ಜೊತೆಗೆ ಹೇಳುವುದು ನ್ಯಾಯ.

ಅಮೆರಿಕ ಕೊನೆಗೆ ಹಣದಿಂದಲೇ ಈ ಗಂಟನ್ನು ಬಿಚ್ಚಲು ಹೊರಟಿತು. ೧೯೬೫ರಲ್ಲಿಯೇ ಮುದುಕರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಅಲ್ಲಿ ಬಂದಿತ್ತು. ಯಂತ್ರದ ಖರ್ಚನ್ನು ಸರ್ಕಾರವೇ ವಹಿಸಬೇಕೆಂದು ೧೯೬೭ರಲ್ಲಿ ಕಾರ್ಲ್ ಗಾಟ್‌ಷಾಕ್ ಅವರ ಅಧ್ಯಕ್ಷತೆಯ ಸಮಿತಿ ಶಿಫಾರಸು ಮಾಡಿತು. ೧೯೭೧ರ ನವೆಂಬರಿನಲ್ಲಿ ರೋಗಿಗಳ ಸಂಘದ ಪದಾಧಿಕಾರಿಯೊಬ್ಬ ಶಾಸನಸಭೆಯ ಸಮಿತಿಯ ಎದುರಿಗೇ ಯಂತ್ರ ತರಿಸಿ, ಸದಸ್ಯರು ನೋಡುತ್ತಿದ್ದಂತೆ ಅದಕ್ಕೆ ಮೈಯೊಡ್ಡಿ ಕೂತ. ಮರುವರ್ಷದ ಸೆಪ್ಟೆಂಬರಿನಲ್ಲಿ, ಒಂದು ಶನಿವಾರ, ಸೆನೆಟರ್ ವಾನ್ಸ್ ಹಾರ್ಟ್ಕಿ ಬೇರೊಂದು ದೊಡ್ಡ ಮಸೂದೆಗೆ ತಿದ್ದುಪಡಿ ತಂದರು. ಚರ್ಚೆ ನಡೆದದ್ದು ಅರ್ಧ ಗಂಟೆಯಷ್ಟು. ಪರವಾಗಿ ೫೨ ಮತ, ವಿರುದ್ಧ ೩. ನಿಕ್ಸನ್ ಅವರು ಅಕ್ಟೋಬರ್ ೩೦ರಂದು ರುಜು ಹಾಕಿದರು. ೧೯೭೩ರ ಜುಲೈ ೧ರಿಂದ, ಕೆಲಸ ಮಾಡಿ ವಿಮೆಗೆ ಅರ್ಹರಾದವರಿಗೂ ಅವರ ಗಂಡ-ಹೆಂಡತಿ ಮಕ್ಕಳಿಗೂ, ವಯಸ್ಸು ಎಷ್ಟಾದರೂ ಆಗಿರಲಿ, ಮೂತ್ರಪಿಂಡ ಕೆಟ್ಟರೆ ಉಪಚಾರದ ಬಹುಭಾಗ ಖರ್ಚು ಸರ್ಕಾರದ್ದಾಯಿತು. ಪಂಚಾಯಿತಿಗೆ ಕೆಲಸ ಉಳಿಯಲಿಲ್ಲ.

ಆದರೆ ಹಂಚಿಕೆಯ ಪ್ರಶ್ನೆ ಸತ್ತಿತೇ? ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯಿತು. ಮೂತ್ರಪಿಂಡದವರಿಗೆ ಸಿಕ್ಕ ಈ ಹಕ್ಕು ಕ್ಯಾನ್ಸರಿನವರಿಗೆ, ರಕ್ತ ಹೆಪ್ಪುಗಟ್ಟದ ಹಿಮೊಫೀಲಿಯಾದವರಿಗೆ ಸಿಗಲಿಲ್ಲ. ಸಿಯಾಟಲಿನಲ್ಲಿ ರೋಗಿಗಳನ್ನು ಆರಿಸಿದರು; ವಾಷಿಂಗ್ಟನ್ನಿನಲ್ಲಿ ರೋಗವನ್ನು ಆರಿಸಿದರು. ಮೂತ್ರಪಿಂಡದ ಅದೃಷ್ಟ, ಅದರ ಸಾವುಗಳು ಪತ್ರಿಕೆಯಲ್ಲಿ ಬಂದಿದ್ದವು. ಕಾನೂನು ಜಾರಿಗೆ ಬಂದಾಗ ಸುಮಾರು ಹತ್ತು ಸಾವಿರ ರೋಗಿಗಳಿದ್ದರು. ಮುಂದೆ ಈ ಸಂಖ್ಯೆ ಐದು ಲಕ್ಷವನ್ನು ದಾಟಿತು. ವೃದ್ಧರು, ಸಕ್ಕರೆ ಕಾಯಿಲೆಯವರು, ಸಿಯಾಟಲಿನ ಜರಡಿಯಲ್ಲಿ ಮೊದಲೇ ಉದುರುತ್ತಿದ್ದವರೆಲ್ಲ ಒಳಗೆ ಬಂದರು. ಖಾಸಗಿ ಕಂಪೆನಿಗಳು ಊರೂರಿಗೆ ಕೇಂದ್ರ ತೆರೆದವು. ಮೆಡಿಕೇರಿನ ಫಲಾನುಭವಿಗಳಲ್ಲಿ ನೂರಕ್ಕೆ ಒಬ್ಬರಷ್ಟಿರುವ ಈ ರೋಗಿಗಳಿಗೆ ಅದರ ವೆಚ್ಚದ ನೂರಕ್ಕೆ ಏಳು ಪಾಲಿನಷ್ಟು ಹೋಗುತ್ತದೆಂಬ ಲೆಕ್ಕ ಬಹುಕಾಲ ನಡೆಯಿತು.

ಇಂಗ್ಲೆಂಡಿನಲ್ಲಿ ಕತೆ ಬೇರೆ. ಅಲ್ಲಿ ೧೯೪೮ರ ಜುಲೈ ೫ರಿಂದ ರಾಷ್ಟ್ರೀಯ ಆರೋಗ್ಯ ಸೇವೆ ಎಲ್ಲರಿಗೂ ಉಚಿತ. ಮೂತ್ರಪಿಂಡದವರಿಗೆ ಇಲ್ಲವೆನ್ನುವ ಕಾನೂನು ಇರಲಿಲ್ಲ, ಪಂಚಾಯಿತಿಯೂ ಇರಲಿಲ್ಲ. ಇದ್ದದ್ದು ಸರ್ಕಾರ ಗೊತ್ತುಮಾಡಿದ ವರ್ಷದ ಹಣ. ಅದರೊಳಗೆ ಎಷ್ಟು ಯಂತ್ರ ಬಂದೀತೋ ಅಷ್ಟು. ೧೯೮೪ರಲ್ಲಿ ಆರನ್ ಮತ್ತು ಶ್ವಾರ್ಟ್ಸ್ ಎಂಬ ಇಬ್ಬರು ಅಮೆರಿಕನ್ನರು ಈ ವ್ಯವಸ್ಥೆಯನ್ನು ಪರೀಕ್ಷಿಸಿ ಒಂದು ಪುಸ್ತಕ ಬರೆದರು. ಐವತ್ತೈದು ದಾಟಿದ ರೋಗಿಗಳಲ್ಲಿ ಬಹುಮಂದಿ ಯಂತ್ರವಿರುವ ಆಸ್ಪತ್ರೆಯ ಹೊಸ್ತಿಲನ್ನೇ ಕಾಣುತ್ತಿರಲಿಲ್ಲವೆಂದು ಅದರಿಂದ ತಿಳಿಯುತ್ತದೆ. ಊರಿನ ವೈದ್ಯ ಅವರನ್ನು ಮುಂದಕ್ಕೆ ಕಳುಹಿಸುತ್ತಲೇ ಇರಲಿಲ್ಲ. ನಿಮ್ಮ ಮೂತ್ರಪಿಂಡಗಳು ಸೋತಿವೆ, ನೋವಾಗದಂತೆ ನೋಡಿಕೊಳ್ಳುತ್ತೇವೆ, ಇದಕ್ಕಿಂತ ಹೆಚ್ಚು ಮಾಡುವಂಥದೇನೂ ಇಲ್ಲ ಎಂದು ಮೃದುವಾಗಿ ಹೇಳಿ ಕಳುಹಿಸಿಬಿಡುತ್ತಿದ್ದರು. ರೋಗಿ ವೈದ್ಯನ ಕೈ ಹಿಡಿದು ವಂದಿಸಿ ಮನೆಗೆ ಹೋಗುತ್ತಿದ್ದ. ಮಾಡುವಂಥದು ಇತ್ತು, ಯಂತ್ರ ಇರಲಿಲ್ಲ ಎಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ.

ಸಿಯಾಟಲಿನ ಏಳು ಮಂದಿಯನ್ನು ಜಗತ್ತು ಬೈಯಿತು, ಇಂಗ್ಲೆಂಡಿನ ವೈದ್ಯರನ್ನು ಬಹುಕಾಲ ಯಾರೂ ಬೈಯಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇದರಲ್ಲಿ ನ್ಯಾಯ ತಲೆಕೆಳಗಾಗಿದೆ. ಪಂಚರ ಅಳತೆಗೋಲು ಸೊಟ್ಟಗಿತ್ತು, ನಿಜ. ಆದರೆ ಗೋಲು ಸೊಟ್ಟಗಿದೆಯೆಂದು ಹೇಳಲು ಸಾಧ್ಯವಾದದ್ದು ಅದು ಕಣ್ಣಿಗೆ ಬಿದ್ದದ್ದರಿಂದ. ಅವರು ಇಲ್ಲವೆಂದದ್ದು ತಿಳಿದುದರಿಂದಲೇ ಹತ್ತು ವರ್ಷದಲ್ಲಿ ಕಾನೂನು ಬಂತು. ಇಂಗ್ಲೆಂಡಿನಲ್ಲಿ ಹಣದ ಅಭಾವ ವೈದ್ಯಕೀಯ ಸಲಹೆಯ ವೇಷ ಹಾಕಿಕೊಂಡಿತ್ತು; ವೇಷದ ಜೊತೆ ಜಗಳವಾಡುವುದು ಹೇಗೆ? ಅಲ್ಲಿಯೂ ಕ್ರಮೇಣ ಯಂತ್ರಗಳು ಹೆಚ್ಚಿದವು, ವಯಸ್ಸಿನ ಗೆರೆ ಅಳಿಸಿತು. ೧೯೯೯ರಲ್ಲಿ ನೈಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಯಾವ ಹೊಸ ಔಷಧಕ್ಕೆ ಸಾರ್ವಜನಿಕ ಹಣ ಕೊಡಬೇಕೆಂಬುದನ್ನು ಬಹಿರಂಗವಾಗಿ ಲೆಕ್ಕ ಹಾಕತೊಡಗಿದರು. ಒಳ್ಳೆಯ ಆರೋಗ್ಯದ ಒಂದು ವರ್ಷ ಆಯುಸ್ಸಿಗೆ ಇಪ್ಪತ್ತರಿಂದ ಮೂವತ್ತು ಸಾವಿರ ಪೌಂಡಿನವರೆಗೆ ಎಂಬುದು ಬಹುಕಾಲ ಅವರ ಅಳತೆಯಾಗಿತ್ತು. ಆಯುಸ್ಸಿಗೆ ಬೆಲೆ ಕಟ್ಟುವ ಇವರು ಕಟುಕರೆಂದು ಕೂಗಿದವರು ಕಡಿಮೆಯಿಲ್ಲ. ಕೂಗುವುದಕ್ಕೆ ಒಂದು ವಿಳಾಸವಾದರೂ ಸಿಕ್ಕಿತಲ್ಲ!

ಅಮೆರಿಕದಲ್ಲಿಯೇ ಒರೆಗಾನ್ ರಾಜ್ಯ ಇಂಥದೊಂದು ಸಾಹಸಕ್ಕೆ ಕೈಹಾಕಿತು. ಬಡವರ ಸರ್ಕಾರಿ ವಿಮೆಯಲ್ಲಿ ಅಂಗಗಳ ಕಸಿಗೆ ಹಣ ಕೊಡುವುದನ್ನು ಆ ರಾಜ್ಯ ೧೯೮೭ರಲ್ಲಿ ನಿಲ್ಲಿಸಿತು. ಅದೇ ವರ್ಷ ರಕ್ತದ ಕ್ಯಾನ್ಸರಿನ ಏಳು ವರ್ಷದ ಹುಡುಗನೊಬ್ಬ, ಮನೆಯವರು ಚಂದಾ ಎತ್ತುತ್ತಿರುವಾಗಲೇ ತೀರಿಕೊಂಡ. ರಾಜ್ಯದ ಸೆನೆಟಿನ ಅಧ್ಯಕ್ಷರಾದ ಜಾನ್ ಕಿಟ್ಸಹಾಬರ್ ಸ್ವತಃ ವೈದ್ಯರು. ಕೆಲವರಿಗೆ ಎಲ್ಲ ಚಿಕಿತ್ಸೆ, ಇನ್ನು ಕೆಲವರಿಗೆ ಏನೂ ಇಲ್ಲ ಎಂಬುದಕ್ಕಿಂತ ಬಡವರೆಲ್ಲರಿಗೂ ಮುಖ್ಯವಾದ ಕೆಲವು ಚಿಕಿತ್ಸೆಗಳು ಎಂಬುದು ಮೇಲೆಂದು ಅವರು ವಾದಿಸಿದರು. ೧೯೮೯ರಲ್ಲಿ ಶಾಸನವಾಯಿತು. ಊರೂರಿನಲ್ಲಿ ಸಭೆ ಸೇರಿಸಿ ಜನರ ಅಭಿಪ್ರಾಯ ಕೇಳಿದರು. ರೋಗಗಳನ್ನೂ ಚಿಕಿತ್ಸೆಗಳನ್ನೂ ಮೇಲಿನಿಂದ ಕೆಳಕ್ಕೆ ಸಾಲಾಗಿ ಬರೆದು, ಹಣ ಮುಗಿಯುವಲ್ಲಿ ಗೆರೆ ಎಳೆಯುವುದೆಂದು ಗೊತ್ತಾಯಿತು. ೧೯೯೦ರಲ್ಲಿ ಯಂತ್ರಗಣಕ ಹಾಕಿಕೊಟ್ಟ ಮೊದಲ ಪಟ್ಟಿಯಲ್ಲಿ ಹಲ್ಲಿಗೆ ಕವಚ ಹಾಕುವುದು ಅಪೆಂಡಿಕ್ಸ್ ಆಪರೇಷನ್ನಿಗಿಂತ ಮೇಲೆ ಬಂದು ಕೂತಿತ್ತು! ಖರ್ಚು ಕಡಿಮೆಯಾದದ್ದರಿಂದ ಲೆಕ್ಕದಲ್ಲಿ ಹಲ್ಲು ಗೆದ್ದಿತು. ಆ ಪಟ್ಟಿಯನ್ನು ಬಿಟ್ಟು ಮನುಷ್ಯರೇ ಕೂತು ತಿದ್ದಿದರು. ೧೯೯೪ರಲ್ಲಿ ಯೋಜನೆ ಆರಂಭವಾದಾಗ ೬೯೬ ಬಾಬುಗಳಿದ್ದವು. ೫೬೫ರ ಕೆಳಗೆ ಗೆರೆ ಬಿತ್ತು. ಗೆರೆ ಬಿದ್ದದ್ದು ಬಡವರ ಚಿಕಿತ್ಸೆಯ ಮೇಲೆ ಮಾತ್ರ. ಖಾಸಗಿ ವಿಮೆಯವರಿಗೆ ಇಂಥ ಪಟ್ಟಿ ಬಹಿರಂಗವಾಗಿ ಯಾರೂ ಹಾಕಲಿಲ್ಲ.

ಇಲ್ಲವೆಂಬ ಮಾತನ್ನು ನ್ಯಾಯಾಲಯದ ಎದುರಿಗೆ ತಂದವರೂ ಉಂಟು. ಈ ಸಂಬಂಧದ ಒಂದು ಮುಖ್ಯ ತೀರ್ಪು ನಮ್ಮದೇ. ೧೯೯೨ರಲ್ಲಿ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಯೊಬ್ಬನನ್ನು ಸರ್ಕಾರಿ ಆಸ್ಪತ್ರೆಗಳು ಒಂದರ ಮೇಲೊಂದು ಹಾಸಿಗೆಯಿಲ್ಲ, ಸೌಕರ್ಯವಿಲ್ಲ ಎಂದು ಹಿಂದಕ್ಕೆ ಕಳುಹಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸಾಲಸೋಲ ಮಾಡಿ ಉಳಿದುಕೊಂಡ. ೧೯೯೬ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ೨೫,೦೦೦ ರೂಪಾಯಿ ಪರಿಹಾರ ಕೊಡಿಸಿ, ತುರ್ತು ಚಿಕಿತ್ಸೆಯನ್ನು ಹಣವಿಲ್ಲವೆಂಬ ನೆವದಿಂದ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲವೆಂದು ಸಾರಿತು. ಮರುವರ್ಷವೇ ಈ ತೀರ್ಪು ಸಮುದ್ರ ದಾಟಿ ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯದಲ್ಲಿ ಚರ್ಚೆಗೆ ಬಂತು. ಡರ್ಬನ್ ನಗರದ ೪೧ ವರ್ಷದ ರೋಗಿ, ಸಕ್ಕರೆ ಕಾಯಿಲೆಯೂ ಹೃದ್ರೋಗವೂ ಇದ್ದು ಮೂತ್ರಪಿಂಡ ಸೋತವನು. ಕೈಯಲ್ಲಿದ್ದ ಹಣ ತೀರುವವರೆಗೆ ಖಾಸಗಿಯಾಗಿ ಡಯಾಲಿಸಿಸ್ ಮಾಡಿಸಿಕೊಂಡು, ತೀರಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಬಂದ. ಅಲ್ಲಿ ಇದ್ದವು ೨೦ ಯಂತ್ರ. ೬೦ ಮಂದಿಗೆ ಸಾಕಾಗುವಲ್ಲಿ ೮೫ ಮಂದಿಯನ್ನು ನೋಡಿಕೊಳ್ಳುತ್ತಿದ್ದರು. ಮೂತ್ರಪಿಂಡದ ಕಸಿಗೆ ಯೋಗ್ಯರಾದವರಿಗೆ ಮಾತ್ರ ದೀರ್ಘಕಾಲದ ಯಂತ್ರ ಎಂಬುದು ಬರೆದಿಟ್ಟ ನಿಯಮ. ಭಾರತದ ಮೊಕದ್ದಮೆಯಲ್ಲಿದ್ದದ್ದು ತಟ್ಟನೆ ಒದಗಿದ ಅಪಘಾತ, ಇಲ್ಲಿರುವುದು ಬದುಕಿರುವವರೆಗೂ ನಡೆಯಬೇಕಾದ ಉಪಚಾರ. ನಿಯಮ ನ್ಯಾಯಬದ್ಧವಾಗಿದೆ, ಎಲ್ಲರಿಗೂ ಒಂದೇ ರೀತಿ ಅನ್ವಯಿಸಿದೆ ಎಂದು ಹೇಳಿ ನ್ಯಾಯಾಲಯ ೧೯೯೭ರ ನವೆಂಬರ್ ೨೭ರಂದು ಅರ್ಜಿಯನ್ನು ತಳ್ಳಿಹಾ‌ಕಿತು. ಅವನು ಕೆಲವೇ ದಿನಗಳಲ್ಲಿ ತೀರಿಕೊಂಡ. ಸಿಯಾಟಲಿನ ಪಂಚರಿಗೆ ಇಲ್ಲದಿದ್ದುದು ಆ ಬರೆದಿಟ್ಟ ನಿಯಮ. ಇದ್ದೂ ಅವನು ಉಳಿಯಲಿಲ್ಲ. ಆದರೆ ತನಗೆ ಯಾಕೆ ಇಲ್ಲವೆಂದರೆಂಬುದನ್ನು ಅವನು ದೇಶದ ಅತ್ಯುಚ್ಚ ಪೀಠದಿಂದ ಕೇಳಿಸಿಕೊಂಡ.

ನಮ್ಮ ದೇಶದಲ್ಲಿ ೧೯೪೬ರ ಭೋರ್ ಸಮಿತಿಯ ವರದಿ, ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಬರೆದಿತ್ತು. ಬರೆದದ್ದು ಬರೆದಲ್ಲಿಯೇ ಉಳಿಯಿತು. ಅನೇಕ ವರ್ಷಗಳ ಕಾಲ ಮೂತ್ರಪಿಂಡ ಕೆಟ್ಟವನಿಗೆ ಪಂಚಾಯಿತಿ ಅವನ ಜೇಬೇ ಆಗಿತ್ತು. ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಜೀವಂತ ದಾನಿಯ ಮೂತ್ರಪಿಂಡದ ಕಸಿ ಯಶಸ್ವಿಯಾದ ಮೇಲೆ ದಾರಿ ತೆರೆಯಿತು, ಜೊತೆಗೆ ಸಂತೆಯೂ ತೆರೆಯಿತು. ಮದರಾಸು, ಬೊಂಬಾಯಿ, ಬೆಂಗಳೂರುಗಳಲ್ಲಿ ಸಾಲಗಾರ ಬಡವರು ಒಂದು ಮೂತ್ರಪಿಂಡ ಮಾರಿಕೊಂಡದ್ದು ಈಗ ಮರೆತ ಸಂಗತಿಯಲ್ಲ. ೧೯೯೪ರ ಕಾನೂನು ಈ ಮಾರಾಟವನ್ನು ಅಪರಾಧವೆಂದಿತು. ಕರ್ನಾಟಕದಲ್ಲಿ ೨೦೦೩ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆಗೆ ಆಗ ತಲೆಗೆ ತಿಂಗಳಿಗೆ ಐದು ರೂಪಾಯಿ ಕಂತಿತ್ತು. ಹೃದಯದ ಶಸ್ತ್ರಚಿಕಿತ್ಸೆ ಐದು ರೂಪಾಯಿಯವನಿಗೂ ಎಟುಕಿತೆಂದು ದೇಶವೇ ಬೆರಗಾಯಿತು. ಆದರೆ ಅದೂ ಒಂದು ಪಟ್ಟಿಯೇ: ಶಸ್ತ್ರಚಿಕಿತ್ಸೆಗಳು ಒಳಗೆ, ವಾರವಾರವೂ ನಡೆಯಬೇಕಾದ ಡಯಾಲಿಸಿಸ್ ಹೊರಗೆ. ಮೃತರ ಅಂಗಗಳನ್ನು ಹಂಚುವ ಕೆಲಸಕ್ಕೆ ಈಗ ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆಯಿದೆ. ಅಲ್ಲಿ ಹೆಸರು ನೋಂದಾಯಿಸಿ ಸರದಿ ಕಾಯಬೇಕು.

೨೦೧೬ರ ಕೇಂದ್ರ ಆಯವ್ಯಯದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಪ್ರಕಟವಾಗಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಈ ಸೇವೆ ದೊರೆಯತೊಡಗಿತು. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಹಳ್ಳಿಯಿಂದ ಬರುವವರು ಬೆಳಗಿನ ಬಸ್ಸು ಹಿಡಿಯುತ್ತಾರೆ. ಜೊತೆಗೆ ಮಗನೋ ಹೆಂಡತಿಯೋ ಬರಬೇಕು. ಯಂತ್ರಕ್ಕೆ ಕಾಸಿಲ್ಲ. ಬಸ್ಸಿನ ಚಾರ್ಜನ್ನೂ ಜೊತೆಗೆ ಬಂದವರು ಬಿಟ್ಟುಬಂದ ದಿನಗೂಲಿಯನ್ನೂ ಮಾತ್ರ ಮನೆಯ ಲೆಕ್ಕದಲ್ಲಿಯೇ ಬರೆದುಕೊಳ್ಳಬೇಕು.